ಬಿಸಿನೀರಿನಾಚೆಗೂ ಬಿಸಿಲಿದೆ

ಹೊಸ ಕಟ್ಟಡಗಳಲ್ಲಿ ಸೋಲಾರ್ ವಾಟರ್ ಹೀಟರ್ ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 2007ರಲ್ಲಿ ಹೊರಡಿಸಿದ ಆದೇಶ ಸ್ವಾಗತಾರ್ಹವಾಗಿತ್ತು. ಆದರೆ ಬಿಸಿಲಿನ ಶಾಖದ ಬಗೆಗಿನ ನಮ್ಮ ಕಲ್ಪನೆ ಬಚ್ಚಲುಮನೆಯನ್ನು ದಾಟಲೇ ಇಲ್ಲ. ತಾರಸಿಯ ವಿದ್ಯುತ್ ಫಲಕಗಳು ಬಿಸಿಲಿನ ಸುಮಾರು ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುತ್ತವೆ; ಕಾದಷ್ಟೂ ಅವುಗಳ ಉತ್ಪಾದನೆ ಕುಗ್ಗುತ್ತದೆ. ಆ ಶಾಖವನ್ನು ನೀರಿಗೆ ಹರಿಸಿದರೆ ಬಿಸಿನೀರೂ ಸಿಗುತ್ತದೆ, ವಿದ್ಯುತ್ತೂ ಹೆಚ್ಚುತ್ತದೆ. ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸಿ ಪಡೆದ ಉಗಿಯಿಂದ ಕಟ್ಟಡವನ್ನು ತಂಪಾಗಿಸಲೂಬಹುದು. ಗುಜರಾತಿನ ಗೋರಜ್‌ನಲ್ಲಿ ಮುನಿ ಸೇವಾ ಆಶ್ರಮ ತನ್ನ ಆಸ್ಪತ್ರೆಗಾಗಿ ಇದನ್ನು ಮಾಡಿ ತೋರಿಸಿತು.

ಇದು ದುಬಾರಿ, ಪ್ರತಿ ಮನೆಗೂ ಹೊಂದುವಂಥದಲ್ಲ. ಬಿಸಿನೀರು, ತಂಪು, ವಿದ್ಯುತ್ ಮೂರನ್ನೂ ಬೇಡುವ ದೊಡ್ಡ ಆಸ್ಪತ್ರೆ, ಹೋಟೆಲುಗಳಿಗಾದರೂ ನಕ್ಷೆ ಮಂಜೂರಾತಿಯ ಹಂತದಲ್ಲೇ ಇದರ ಸಾಧ್ಯಾಸಾಧ್ಯತೆಯ ವರದಿಯನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಕಟ್ಟಡ ಎದ್ದ ಮೇಲೆ ಕೊಳವೆಗಳಿಗೂ ಯಂತ್ರಗಳಿಗೂ ಜಾಗ ಹೊಂದಿಸುವುದು ಕಷ್ಟ.