ಯಾರು ಹೊರಡಿಸಿದ ಅಧಿಸೂಚನೆ?

ಕಂಪ್ಯೂಟರಿನ ಕನ್ನಡದಲ್ಲಿ ನೋಟಿಫಿಕೇಶನ್‌ಗೆ ‘ಅಧಿಸೂಚನೆ’ ಎನ್ನುತ್ತಾರೆ. ಈ ಪದದ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ಅಧಿಸೂಚನೆ ಹೊರಡಿಸುವುದು ಸರ್ಕಾರ. ಅದು ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ, ಅದಕ್ಕೊಂದು ಸಂಖ್ಯೆ, ದಿನಾಂಕ, ಸಹಿ ಇರುತ್ತದೆ. ಒಪ್ಪದವರು ಕೋರ್ಟಿಗೆ ಹೋಗಬಹುದು. ಪರದೆಯ ಮೂಲೆಯಲ್ಲಿ ಚಪ್ಪಲಿಗೆ ರಿಯಾಯಿತಿ ಇದೆ ಎಂದು ಜಿಗಿಯುವ ಚೌಕಕ್ಕೆ ಇಷ್ಟು ದೊಡ್ಡ ಹೆಸರೇ? ಆದರೆ ಅದು ಬಂದೊಡನೆ ಕೈಲಿದ್ದ ಕೆಲಸ ಬಿಟ್ಟು ತಿರುಗುವ ನಮ್ಮ ವಿಧೇಯತೆ ನೋಡಿದರೆ, ಹೆಸರು ಸರಿಯಾಗಿಯೇ ಇದೆ ಎನ್ನಬೇಕು.

ನಾನು ಹೇಳುವುದು ಇಷ್ಟೇ: ಕಂಪ್ಯೂಟರಿನ ಎಲ್ಲ ನೋಟಿಫಿಕೇಶನ್‌ಗಳೂ ಮೊದಲು ಮುಚ್ಚಿರಬೇಕು. ಬೇಕಾದ್ದನ್ನು ನಾವು ಒಂದೊಂದಾಗಿ ತೆರೆಯಬೇಕು. ಈಗ ಇರುವುದು ತಿರುಗುಮುರುಗು. ಹೊಸ ಆ್ಯಪ್ ಹಾಕಿದರೆ ಅದು ಕೂಗಲು ಅಪ್ಪಣೆ ಪಡೆದೇ ಒಳಗೆ ಬರಲು ನೋಡುತ್ತದೆ. 2015ರಲ್ಲಿ ಕ್ರೋಮ್ ಬ್ರೌಸರ್ ಜಾಲತಾಣಗಳಿಗೂ ಈ ಸೌಲಭ್ಯ ಕೊಟ್ಟಿತು. ಅಂದಿನಿಂದ, ಒಮ್ಮೆ ‘ಅನುಮತಿಸು’ ಒತ್ತಿದರೆ, ನಾವು ಮುಚ್ಚಿಹೋದ ಪುಟವೂ ನಮ್ಮನ್ನು ಹಿಂದಿನಿಂದ ಕೂಗಿ ಕರೆಯಬಲ್ಲದು.

ಮೋಕದಲ್ಲಿ ಕೂತು ಬರೆಯುವ ನನಗೆ ಇದನ್ನು ಕಾಲುವೆಯ ಭಾಷೆಯಲ್ಲಿ ಹೇಳುವುದು ಸುಲಭ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿದ್ದರೂ ಬಳ್ಳಾರಿ, ಸಿರುಗುಪ್ಪದ ರೈತರಿಗೆ ದಿಗಿಲಾಯಿತು. ಸ್ಟಾಪ್‌ಲಾಗ್ ಇಳಿಸಿ ಆ ಕಂಡಿಯನ್ನು ಮುಚ್ಚುವ ತನಕ ಎಲ್ಲರಿಗೂ ಅದೊಂದೇ ಚಿಂತೆ. ಮುಚ್ಚಲು ಬಾರದ ಗೇಟಿದ್ದರೆ ಎಷ್ಟು ನೀರಿದ್ದರೂ ಅದು ನಮ್ಮ ಹೊಲದ್ದಲ್ಲ ಎಂಬುದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯನ ಗಮನವೂ ಹಾಗೇ. ಮುಚ್ಚಲು ಬಂದರೆ ಮಾತ್ರ ಅದು ನಮ್ಮ ಪಾಲಿನದು.

ಇದನ್ನು ಒಪ್ಪದ ಗೆಳೆಯರೊಬ್ಬರು ಚರಿತ್ರೆಯನ್ನೇ ಸಾಕ್ಷಿಗೆ ಕರೆದರು. ನಮ್ಮ ಸೀಮೆ ಅಶೋಕನ ಶಾಸನಗಳ ಸೀಮೆ. ನಿಟ್ಟೂರು, ಉಡೇಗೋಳಗಳಲ್ಲಿ ಕಿರುಶಾಸನಗಳಿವೆ. ಗಡಿ ದಾಟಿದರೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ 14 ಪ್ರಧಾನ ಶಾಸನಗಳೂ ಇವೆ. ಅವುಗಳಲ್ಲಿ 6ನೆಯದರಲ್ಲಿ ಅಶೋಕ, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ವರದಿ ತರುವವರು ಯಾವ ಹೊತ್ತಿನಲ್ಲಾದರೂ ಬರಬಹುದು ಎಂದಿದ್ದಾನೆ. “ಚಕ್ರವರ್ತಿಯೇ ನೋಟಿಫಿಕೇಶನ್ ಆಫ್ ಮಾಡಲಿಲ್ಲ, ನಿಮ್ಮದೇನು ಹೆಚ್ಚುಗಾರಿಕೆ?” ಎಂಬುದು ಅವರ ಪ್ರಶ್ನೆ.

ಶಾಸನವನ್ನು ಪೂರ್ತಿ ಓದಿದರೆ ಅದು ನನ್ನ ಪಕ್ಷವನ್ನೇ ಹಿಡಿಯುತ್ತದೆ. ಬಾಗಿಲು ತೆರೆದವನು ಅಶೋಕನೇ. ಯಾರು ಬರಬೇಕೆಂದು ಗೊತ್ತು ಮಾಡಿದವನೂ ಅವನೇ: ಪ್ರತಿವೇದಕರು. ಯಾವ ವಿಷಯಕ್ಕೆ ಎಂಬುದೂ ನಿಗದಿ: ಪ್ರಜೆಗಳ ಕೆಲಸ. ಗಂಧದ ವ್ಯಾಪಾರಿ ಹೊಸ ಮಾಲು ಬಂದಿದೆ ಎಂದು ಅಂತಃಪುರಕ್ಕೆ ನುಗ್ಗಬಹುದೆಂದು ಅವನು ಬರೆಸಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ಅವರ ಕರೆಗೆ ನೀವೂ ಬಾಗಿಲು ತೆರೆದಿಡಿ. ನಾನು ಬೇಡವೆನ್ನುವುದು ನಾವು ಹೊರಡಿಸದ ಆಜ್ಞೆಗಳನ್ನು.

ಇನ್ನು ಕೆಲವರು ಇದನ್ನೆಲ್ಲ ಸ್ವನಿಯಂತ್ರಣದ ಪಾಠವಾಗಿ ಮುಗಿಸುತ್ತಾರೆ. ‘ಮನಸ್ಸು ಗಟ್ಟಿಯಿದ್ದರೆ ಸದ್ದು ಏನು ಮಾಡೀತು?’ ಗಟ್ಟಿ ಮನಸ್ಸಿನವರಿಗೂ ಮಾಲೀಕರಿರುತ್ತಾರೆ. ರಾತ್ರಿ ಹತ್ತಕ್ಕೆ ಕಚೇರಿಯ ಗುಂಪಿನಲ್ಲಿ ಬಂದ ಸಂದೇಶಕ್ಕೆ ಉತ್ತರಿಸದ ನೌಕರನಿಗೆ ಬೆಳಿಗ್ಗೆ ಏನು ಕಾದಿದೆ ಎಂಬುದು ಅವನಿಗೆ ಗೊತ್ತು. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಒಪ್ಪಿವೆ. ನಮ್ಮಲ್ಲಿ ಸುಪ್ರಿಯಾ ಸುಳೆ ಅವರು ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಮಸೂದೆಯಾಗಿಯೇ ಉಳಿಯಿತು. ಕರ್ನಾಟಕದಲ್ಲಂತೂ 2025ರಲ್ಲಿ ಚರ್ಚೆಗೆ ಬಂದದ್ದು ದಿನದ ದುಡಿಮೆಯನ್ನು ಓವರ್‌ಟೈಮ್ ಸೇರಿ 12 ಗಂಟೆಗೆ ಹಿಗ್ಗಿಸುವ ಪ್ರಸ್ತಾವ! ಐಟಿ ನೌಕರರ ಸಂಘ ಅದನ್ನು ವಿರೋಧಿಸಿದ್ದು ಸರಿಯಾಗಿತ್ತು. ಸದ್ದಡಗಿಸುವ ಗುಂಡಿ ನಮ್ಮ ಕೈಯಲ್ಲಿದ್ದರೆ ಸಾಲದು, ಒತ್ತುವ ಧೈರ್ಯಕ್ಕೆ ಕಾನೂನಿನ ಬಲವೂ ಬೇಕು.

ಆದರೆ ವಿದ್ಯಾರ್ಥಿಗಳೇ, ನಿಮಗೆ ಇನ್ನೂ ಮಾಲೀಕರಿಲ್ಲ. ನಿಮ್ಮ ಓದು ಬಹುಪಾಲು ಲ್ಯಾಪ್‌ಟಾಪಿನ ಪಿಡಿಎಫ್‌ನಲ್ಲೇ ನಡೆಯುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಹಾಗೆ ತೆರೆದು ಕೂತಿದ್ದೀರಿ ಎಂದುಕೊಳ್ಳಿ. ಅಷ್ಟೊಂದು ಪಾತ್ರಗಳು, ಅವರ ನಂಟು, ಜಗಳ, ದಾರಿಗಳೆಲ್ಲ ತಲೆಯಲ್ಲಿ ಜೀವಂತವಾಗಿದ್ದರೆ ಮಾತ್ರ ಮುಂದಿನ ಪುಟಕ್ಕೆ ಅರ್ಥ. ಪ್ರತಿ ‘ಟಿಂಗ್’ಗೂ ಆ ಕಾಡು ಒಮ್ಮೆ ಅಳಿಸಿಹೋಗುತ್ತದೆ. ಮರಳಿ ಬಂದಾಗ ಅಲ್ಲಿರುವುದು ಬರೀ ಅಕ್ಷರ. ಹೀಗೆ ನಾಲ್ಕು ಸಲ ಆದ ಮೇಲೆ ‘ಪುಸ್ತಕ ಬೋರು’ ಎನ್ನುತ್ತೀರಿ. ಪುಸ್ತಕಕ್ಕೆ ಅನ್ಯಾಯವಾಗುವುದು ಅಲ್ಲೇ.

ಸೆಟ್ಟಿಂಗ್ಸಿಗೆ ಹೋಗಿ ‘ಡು ನಾಟ್ ಡಿಸ್ಟರ್ಬ್’ ಒತ್ತಿ. ಬ್ರೌಸರಿಗೆ ಕೊಟ್ಟ ಅನುಮತಿಗಳನ್ನೆಲ್ಲ ತೆಗೆಯಿರಿ. ಸಂದೇಶಗಳೆಲ್ಲಿಗೂ ಓಡಿಹೋಗುವುದಿಲ್ಲ, ಅಂಚೆ ಪೆಟ್ಟಿಗೆಯಲ್ಲಿನ ಕಾಗದದಂತೆ ಕಾಯುತ್ತವೆ. ನೀವು ಕಾಯಿಸಿದ್ದಕ್ಕೆ ಯಾರಾದರೂ ಮುನಿದರೆ, ಓದುತ್ತಿದ್ದೆ ಎಂದು ಹೇಳಿ. ಹಾಗೆ ಹೇಳಲು ಯಾರ ಅಧಿಸೂಚನೆಯೂ ಬೇಕಿಲ್ಲ.