ಕೋತಿ ಕಾಲಿನ ಸಾಕ್ಸ್

ಕೈಗೆ ಗ್ಲೌಸ್ ಇರುವ ಹಾಗೆ ಕಾಲಿನ ಒಂದೊಂದು ಬೆರಳಿಗೂ ಬೇರೆ ಬೇರೆ ಗೂಡು ಇರುವ ಸಾಕ್ಸ್ ನೋಡಿದ್ದೀರಾ? ಹೋದ ವರ್ಷದ ಮಳೆಗಾಲದಿಂದ ನಾನು ಹಾಕೋದು ಅದನ್ನೇ. ಮೊದಲ ದಿನ ನಮ್ಮನೆಯವರು ನೋಡಿ, "ಏನೇ ಇದು, ಕೋತಿ ಕಾಲು!" ಅಂತ ಬಿದ್ದು ಬಿದ್ದು ನಕ್ಕರು.

ಶೋಕಿಗೆ ಕೊಂಡಿದ್ದಲ್ಲ. ಬೆಂಗಳೂರಿನ ಮಳೆಯಲ್ಲಿ ಬಸ್ ಸ್ಟಾಪಿಗೆ ನಡೆದು, ಒದ್ದೆ ಶೂನಲ್ಲೇ ಒಂಬತ್ತು ಗಂಟೆ ಆಫೀಸಿನಲ್ಲಿ ಕೂತು ಕೂತು, ಕಿರುಬೆರಳ ಸಂದಿ ಬೆಳ್ಳಗೆ ನೆನೆದು ತುರಿಕೆ ಶುರುವಾಗಿತ್ತು. ಚರ್ಮದ ಡಾಕ್ಟರು ಫಂಗಸ್ ಅಂದು ಮುಲಾಮು ಬರೆದರು. "ಸಂದಿ ಒಣಗಿರಬೇಕಮ್ಮ" ಅಂದರು. ಮಾಮೂಲಿ ಸಾಕ್ಸಿನಲ್ಲಿ ಬೆರಳಿಗೆ ಬೆರಳು ಅಂಟಿ ಬೆವರು ಅಲ್ಲೇ ನಿಲ್ಲುತ್ತದೆ. ಇದರಲ್ಲಿ ನಡುವೆ ಬಟ್ಟೆ ಇರುವುದರಿಂದ ಹೀರಿಕೊಳ್ಳುತ್ತದೆ. ಶೂ ಒಳಗೆ ಕಾಲುಂಗುರ ಪಕ್ಕದ ಬೆರಳಿಗೆ ಒತ್ತಿ ಗೆರೆ ಬೀಳ್ತಿತ್ತು, ಅದೂ ನಿಂತಿತು.

ಕಷ್ಟ ಇಲ್ಲ ಅಂತಲ್ಲ. ಕಿರುಬೆರಳು ತನ್ನ ಗೂಡು ಹುಡುಕಿಕೊಳ್ಳುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಉಗುರು ಒಂಚೂರು ಬೆಳೆದರೆ ತೂತು. ಬಿಗಿ ಶೂಗೆ ಇದು ಆಗಲ್ಲ. ಒಗೆದ ಮೇಲೆ ಒಂದೊಂದೇ ಬೆರಳನ್ನು ಹೊರಗೆಳೆದು ಒಣಹಾಕಬೇಕು. ಚಪ್ಪಲಿ ಜೊತೆ ಹೆಂಗಸರು ಹಾಕುವ, ಹೆಬ್ಬೆರಳು ಮಾತ್ರ ಬೇರೆ ಇರುವ ಸಾಕ್ಸ್ ಸಲೀಸು. ಜಪಾನಿನ ತಾಬಿಯೂ ಹಾಗೇ. ಆದರೆ ಕಿರುಬೆರಳ ಸಂದಿಗೆ ಅದರಿಂದ ಏನೂ ಉಪಯೋಗವಿಲ್ಲ.

ದೀಪಾವಳಿಗೆ ತುಮಕೂರಿಗೆ ಹೋಗುವಾಗ ಅಪ್ಪನಿಗೂ ಎರಡು ಜೊತೆ ಒಯ್ದೆ. ಅಪ್ಪನಿಗೆ ಹದಿನಾಲ್ಕು ವರ್ಷದಿಂದ ಶುಗರ್. ಬೆಳಿಗ್ಗೆ ಶೂ ಹಾಕ್ಕೊಂಡು ವಾಕಿಂಗ್ ತಪ್ಪಿಸಲ್ಲ. ಬಗ್ಗೋಕೆ ಆಗಲ್ಲ ಅಂತ ಅಮ್ಮನೇ ನೆಲದ ಮೇಲೆ ಕೂತು, ಅವರ ಕಾಲು ತೊಡೆ ಮೇಲಿಟ್ಟುಕೊಂಡು, ಗೊಣಗುತ್ತಾ ಒಂದೊಂದೇ ಬೆರಳು ತೂರಿಸತೊಡಗಿದರು. ನಾಲ್ಕನೇ ಬೆರಳಿಗೆ ಬಂದವರು ನಿಲ್ಲಿಸಿಬಿಟ್ಟರು.

"ರೀ, ಏನಿದು ಗಾಯ?"

"ಎಲ್ಲಿ? ನೋವೇ ಇಲ್ವಲ್ಲೇ."

ಸಂದಿಯಲ್ಲಿ ಕಡಲೆಬೇಳೆಯಷ್ಟು ಹುಣ್ಣು. ಸ್ವಲ್ಪ ಕೀವು ಬೇರೆ. ಎಷ್ಟು ದಿನದಿಂದ ಇತ್ತೋ! ಶುಗರ್‌ನಿಂದ ನರಗಳಲ್ಲಿ ಸ್ಪರ್ಶವೇ ಕಮ್ಮಿಯಾಗಿ ಅಪ್ಪನಿಗೆ ಗೊತ್ತೇ ಆಗಿರಲಿಲ್ಲ. ಹಬ್ಬದ ಅಡುಗೆ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿದೆವು. "ಇನ್ನೂ ಹದಿನೈದು ದಿನ ಬಿಟ್ಟಿದ್ದರೆ..." ಅಂದ ಡಾಕ್ಟರು ಮಾತು ಮುಗಿಸಲಿಲ್ಲ. ನಾನೂ ಕೇಳಲಿಲ್ಲ. ಮೂರು ವಾರ ಡ್ರೆಸ್ಸಿಂಗ್ ಆಯಿತು.

ತಮಾಷೆ ಅಂದರೆ, ಅಪ್ಪನಿಗೆ ಈ ಸಾಕ್ಸ್ ಬೇಡವೇ ಬೇಡ ಅಂದರು ಡಾಕ್ಟರು. ಅಷ್ಟೊಂದು ಹೊಲಿಗೆ, ಎಲ್ಲಾದರೂ ಒತ್ತಿದರೂ ಅವರಿಗೆ ತಿಳಿಯಲ್ಲವಂತೆ. ಸಡಿಲವಾದ, ಹೊಲಿಗೆ ಒತ್ತದ, ತಿಳಿ ಬಣ್ಣದ ಕಾಟನ್ ಸಾಕ್ಸ್ ಹಾಕಿ, ಕಲೆಯಾದರೆ ಕಾಣುತ್ತೆ ಅಂದರು. ದಿನಾ ಬೆರಳ ಸಂದಿ ನೋಡಬೇಕು ಅಂತಲೂ ಹೇಳಿದರು.

ಈಗ ರಾತ್ರಿ ಸೀರಿಯಲ್ ಮುಗಿದ ಮೇಲೆ ಅಮ್ಮ ಕನ್ನಡಕ ಹಾಕಿ, ಮೊಬೈಲ್ ಟಾರ್ಚ್ ಹಿಡಿದು ಹತ್ತೂ ಬೆರಳು ನೋಡ್ತಾರೆ. "ಅಟೆಂಡೆನ್ಸ್ ಮುಗೀತಾ?" ಅಂತಾರೆ ಅಪ್ಪ.

ಅಪ್ಪನಿಗೆ ಒಯ್ದಿದ್ದ ಎರಡು ಜೊತೆ ನಮ್ಮನೆಯವರ ಪಾಲಾಯಿತು. ಕೋತಿ ಕಾಲಿನ ಸುದ್ದಿ ಈಗ ಎತ್ತಲ್ಲ.