ಗೋವಕ್ಕಿಯ ಹೊಸ ಲೆಕ್ಕ

ಕೆಂಗೇರಿಯ ಸುತ್ತಮುತ್ತ ದನ ಮೇಯುವ ಬಯಲುಗಳಲ್ಲಿ ಹುಳುಹುಪ್ಪಟೆ ಹೆಕ್ಕುವ ಗೋವಕ್ಕಿಯನ್ನು ಕಾಣದವರು ವಿರಳ. ಆಫ್ರಿಕಾ, ಯುರೋಪ್, ಅಮೆರಿಕಗಳಲ್ಲಿಯೂ ಇರುವ ಈ ಬಿಳಿಯ ಹಕ್ಕಿ ಬಹುಕಾಲ ಒಂದೇ ಪ್ರಭೇದವೆಂದು ಪರಿಗಣಿತವಾಗಿತ್ತು. ಈಗ ಪ್ರಮುಖ ಪಕ್ಷಿಪಟ್ಟಿಗಳು ಅದನ್ನು ಎರಡಾಗಿಸಿವೆ. ನಮ್ಮದು ಪೂರ್ವದ ಗೋವಕ್ಕಿ. 1783ರಲ್ಲಿಯೇ ಕೋರಮಂಡಲದ ಹೆಸರಿನಿಂದ ವೈಜ್ಞಾನಿಕ ನಾಮಕರಣಗೊಂಡು, ಬಳಿಕ ಉಪಪ್ರಭೇದವಾಗಿ ಉಳಿದಿದ್ದ ಹಕ್ಕಿ. 2024ರಲ್ಲಿ ಕಣಜ ಗೂಬೆಯೂ ಹೀಗೆಯೇ ಮೂರು ಪ್ರಭೇದವಾಯಿತು.

ಇದನ್ನು ಪಂಡಿತರ ಕಾಲಹರಣವೆಂದು ತಳ್ಳಿಹಾಕುವುದು ಸರಿಯಲ್ಲ. ಪರಸ್ಪರ ಕೂಡಿ ಸಂತಾನ ಪಡೆಯುವವು ಒಂದೇ ಪ್ರಭೇದವೆಂಬ ಸೂತ್ರವನ್ನು, ಎಂದೂ ಸಂಧಿಸದಷ್ಟು ದೂರದಲ್ಲಿ ಬದುಕುವ ಹಕ್ಕಿಗಳಿಗೆ ಅನ್ವಯಿಸುವುದು ಕಷ್ಟ. ಆದ್ದರಿಂದ ಕೂಗು, ಬಣ್ಣ, ದೇಹದ ಅಳತೆ, ವಂಶವಾಹಿಗಳನ್ನು ಒಟ್ಟಾಗಿ ಪರಿಶೀಲಿಸಬೇಕಾಗುತ್ತದೆ. ಸಂತಾನಕಾಲದಲ್ಲಿ ನಮ್ಮ ಗೋವಕ್ಕಿಯ ಕೆನ್ನೆ, ಕೊರಳುಗಳಿಗೂ ಹೊಂಬಣ್ಣ ಹರಡುತ್ತದೆ. ಪಶ್ಚಿಮದ ಗೋವಕ್ಕಿಯಲ್ಲಿ ಅದು ನೆತ್ತಿ, ಎದೆ, ಬೆನ್ನಿಗಷ್ಟೇ ಸೀಮಿತ. ಅದೇ 2024ರಲ್ಲಿ ಉತ್ತರ ಧ್ರುವ ಸೀಮೆಯ ರೆಡ್‌ಪೋಲ್ ಹಕ್ಕಿಯ ಮೂರು ಪ್ರಭೇದಗಳನ್ನು ಒಂದಾಗಿಸಿದ್ದೂ ಉಂಟು. ಒಡೆಯುವುದೇ ತಜ್ಞರ ಚಟವಲ್ಲ ಎಂಬುದಕ್ಕೆ ಇದು ನಿದರ್ಶನ.

ಈ ವಿಂಗಡಣೆಯ ಮಹತ್ವ ಅರಿಯಲು ಬಾಬಾಬುಡನ್‌ಗಿರಿ, ಕೊಡಗುಗಳ ಶೋಲಾ ಕಾಡುಗಳತ್ತ ನೋಡಬೇಕು. ಅಲ್ಲಿನ ಪುಟ್ಟ ನೀಲಿ ಹಕ್ಕಿಯೊಂದು, ಪಾಲಕ್ಕಾಡ್ ಕಣಿವೆಯಿಂದಾಚೆ ದಕ್ಷಿಣದಲ್ಲಿರುವ ತನ್ನ ಬಂಧುವಿನೊಡನೆ ಒಂದೇ ಪ್ರಭೇದವೆನಿಸಿತ್ತು. 2005ರ ರಿಪ್ಲಿ ಕೈಪಿಡಿ ಅವನ್ನು ಬೇರ್ಪಡಿಸಿತು. 2017ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರೂ ಪಾಲ್ಗೊಂಡಿದ್ದ ಅಧ್ಯಯನವು ಅವಕ್ಕೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ನೀಡಿತು. ನಮ್ಮ ಕಡೆಯದು ಇಂದು ಅಳಿವಿನ ಭೀತಿಯಲ್ಲಿರುವ ಪ್ರಭೇದ. ಒಂದೇ ಹೆಸರಿನಡಿ ಎಣಿಸುವಾಗ ಒಂದರ ಕ್ಷಯ ಇನ್ನೊಂದರ ಲೆಕ್ಕದಲ್ಲಿ ಮರೆಯಾಗುವ ಅಪಾಯವಿರುತ್ತದೆ.

ಗೋವಕ್ಕಿಗೆ ಅಂಥ ಸಂಕಟ ಬಂದಿಲ್ಲ, ನಿಜ. ಆದರೆ ‘ಎಲ್ಲೆಡೆ ಇರುವ ಹಕ್ಕಿ’ ಎಂಬ ಮಾತು ಉದಾಸೀನಕ್ಕೆ ನೆಪವಾಗಬಾರದು. ಆಫ್ರಿಕದಲ್ಲಿ ಹೇರಳವಾಗಿರುವುದು ಇನ್ನು ಮುಂದೆ ನಮ್ಮ ಹಕ್ಕಿಯ ಲೆಕ್ಕಕ್ಕೆ ಸೇರುವುದಿಲ್ಲ. ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ಸಮಿತಿ ರಚಿಸಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ವಿಧಿಸಿದೆ. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಗಳ ಹೊಣೆ. ವೃಷಭಾವತಿಯ ದಂಡೆ, ಕೆಂಗೇರಿ ಹಾಗೂ ಮಲ್ಲತ್ತಹಳ್ಳಿ ಕೆರೆಗಳ ಹಕ್ಕಿಗಳ ಸಂಖ್ಯೆ, ಗೂಡುಮರಗಳ ವಿವರ ಅದರಲ್ಲಿ ಪ್ರತಿವರ್ಷ ದಾಖಲಾಗಲಿ. ಈ ಕಾರ್ಯದಲ್ಲಿ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೂ ಪಾಲ್ಗೊಳ್ಳಲಿ. ಹೆಸರು ತಿದ್ದುವುದು ತಜ್ಞರ ಕೆಲಸ. ಆ ಹೆಸರಿನ ಹಕ್ಕಿ ಉಳಿಯುವಂತೆ ನೋಡಿಕೊಳ್ಳುವುದು ಊರಿನ ಕರ್ತವ್ಯ.